ರೊಟ್ಟಿ ಬೇಯುವಷ್ಟು ಬಿಸಿ

ಕಬ್ಬಿಣ ಕಾದಾಗಲೇ ಬಡಿಯಬೇಕು ಅನ್ನುತ್ತೀರಿ. ಎಲ್ಲರಿಗೂ ಗೊತ್ತಿರುವ ಮಾತು. ಬಡಿಯುವ ವಿಷಯದಲ್ಲಿ ನಾವೆಲ್ಲ ಬಹಳ ಜಾಣರು. ಸರಿ, ಬಡಿದಾದ ಮೇಲೆ ಏನು ಮಾಡಬೇಕು? ಹೇಳಿ ನೋಡೋಣ. ಗೊತ್ತಿಲ್ಲವೇ? ಹಾಗಾದರೆ ಕಥೆ ಕೇಳಿ.

ಒಂದು ಊರು, ಆ ಊರಿಗೊಬ್ಬ ಸಾಹುಕಾರ, ಆ ಸಾಹುಕಾರನಿಗೆ ನೂರು ಲಾರಿ. ಊರು ನಮ್ಮ ಕಡೆಯದಲ್ಲ, ಅಮೆರಿಕದ್ದು. ಅಲ್ಲಿಯೂ ಅಣ್ಣತಮ್ಮಂದಿರು ಇರುತ್ತಾರೆ, ಅಲ್ಲಿಯೂ ಮಾತು ಬಿಟ್ಟು ಕೂರುತ್ತಾರೆ. ಅದೇನು ನಾವೊಬ್ಬರೇ ಕಲಿತ ವಿದ್ಯೆಯಲ್ಲ. ಅವರು ಆಡಿದ್ದು ಯಾವ ಭಾಷೆಯೋ, ನನ್ನ ಬಾಯಲ್ಲಂತೂ ಕನ್ನಡವನ್ನೇ ಆಡುತ್ತಾರೆ.

ಈ ಸಾಹುಕಾರನಿಗೆ ಒಬ್ಬನೇ ತಮ್ಮ. ಇಬ್ಬರೂ ಸೇರಿ ಮೊದಲು ಕೊಂಡದ್ದು ಒಂದೇ ಒಂದು ಹಳೆಯ ಲಾರಿ. ತಮ್ಮ ಅದನ್ನು ಓಡಿಸಿದ, ಅಣ್ಣ ವ್ಯಾಪಾರ ನೋಡಿಕೊಂಡ. ಒಂದು ನೂರಾಯಿತು. ಆದರೂ ತಮ್ಮನಿಗೆ ಆ ಮೊದಲ ಲಾರಿಯೇ ಬೇಕು. ಒಂದು ದಿನ ಅದನ್ನು ಓಡಿಸುವಾಗ ತೂಕಡಿಸಿಬಿಟ್ಟ. ಲಾರಿ ಹಳ್ಳಕ್ಕೆ ಉರುಳಿತು. ಕೈ ಮುರಿದುಕೊಂಡ, ಪುಣ್ಯಕ್ಕೆ ಜೀವ ಉಳಿಯಿತು. ಅಣ್ಣ ಓಡಿ ಬಂದ. ಬಂದವನು ಏನು ಮಾಡಿದ? ಅಪ್ಪಿಕೊಂಡನೇ? ಇಲ್ಲ. ಜೊತೆಗೆ ಓಡಿ ಬಂದಿದ್ದ ನಲವತ್ತು ಜನ ಕೆಲಸಗಾರರ ಎದುರಿಗೆ ಕೂಗಾಡಿದ. "ನಿನಗೆ ಬುದ್ಧಿ ಇದೆಯೇನೋ? ಇನ್ಮೇಲೆ ನನ್ನ ಲಾರಿ ಮುಟ್ಟಬೇಡ!" ಅಂದ. ಜೀವಮಾನವೆಲ್ಲ 'ನಮ್ಮ ಲಾರಿ' ಅನ್ನುತ್ತಿದ್ದವನು ಅವತ್ತು 'ನನ್ನ ಲಾರಿ' ಅಂದ.

ತಮ್ಮ ತಲೆ ತಗ್ಗಿಸಿ ಮನೆಗೆ ಹೋದ. ಅವತ್ತಿನಿಂದ ಎಂಟು ತಿಂಗಳು ಇಬ್ಬರಿಗೂ ಮಾತಿಲ್ಲ.

ಅಷ್ಟರಲ್ಲಿ ತಮ್ಮ ಒಂದು ಹೊಸ ಮನೆ ಕಟ್ಟಿಸಿದ. ಅಣ್ಣನಿಗೆ ಒಳಗೊಳಗೇ ಸಂಕಟ. ಈಗಲೂ ಹೋಗದಿದ್ದರೆ ಇನ್ನು ಯಾವತ್ತೂ ಹೋಗಲಾರೆ ಅನ್ನಿಸಿತು. ಬಾಯಲ್ಲಿ ಮಾತು ಬಾರದವರು ಕೈಯಲ್ಲಿ ಉಡುಗೊರೆ ಹಿಡಿಯುತ್ತಾರೆ. ಆ ಮುರಿದ ಲಾರಿಯ ಕಮಾನು ಪಟ್ಟಿಯನ್ನು, ಅದೇ, ಚಕ್ರದ ಮೇಲೆ ಭಾರ ಹೊರುವ ಉಕ್ಕಿನ ಪಟ್ಟಿಯನ್ನು ಬಿಚ್ಚಿಸಿಕೊಂಡು ಕಮ್ಮಾರನ ಹತ್ತಿರ ಹೋದ.

ಈ ಕಮ್ಮಾರ ಚೆರೋಕೀ ಜನದವನು. ಚೆರೋಕೀ ಅಂದರೆ ಆ ದೇಶದ ಮೂಲನಿವಾಸಿಗಳಲ್ಲಿ ಒಂದು ಜನ. ಹಿಂದೊಮ್ಮೆ ಅವರನ್ನು ಸ್ವಂತ ನೆಲದಿಂದಲೇ ಒಕ್ಕಲೆಬ್ಬಿಸಿ ನೂರಾರು ಮೈಲಿ ನಡೆಸಿದರು. ಅಂಥ ಪೆಟ್ಟು ತಿಂದ ಜನ. ಈತ ಹೊಸ ಉಕ್ಕನ್ನು ಮುಟ್ಟುತ್ತಲೇ ಇರಲಿಲ್ಲ. ಅವನ ಅಂಗಳ ನೋಡಿದರೆ ಗುಜರಿ ಅಂಗಡಿ ಅನ್ನಬೇಕು, ಹಾಗೆ ಕಬ್ಬಿಣ ಉಜ್ಜುವ ಹಳೆಯ ಅರಗಳು, ರೈಲು ಹಳಿಯ ಮೊಳೆಗಳು, ಸವೆದ ನೇಗಿಲ ಗುಳಗಳು. ಎಸೆದದ್ದನ್ನೆಲ್ಲ ತಂದು ಕಾಯಿಸಿ, ಕೈಯಿಂದಲೇ ಬಡಿದು ಚಾಕು, ಕೊಡಲಿ, ಸೌಟು ಮಾಡುತ್ತಿದ್ದ.

ಪಟ್ಟಿಯನ್ನು ಕೈಯಲ್ಲಿ ತೂಗಿ ನೋಡಿ, "ಬಹಳ ಭಾರ ಹೊತ್ತಿದೆ ಯಜಮಾನ್ರೇ. ಒಳ್ಳೇ ಚಾಕು ಆಗುತ್ತೆ" ಅಂದ. ಕುಲುಮೆಗಿಟ್ಟ, ಬಡಿದ, ಆಕಾರ ತಂದ, ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ. ಚುಂಯ್! ಸಾಹುಕಾರ ಅರ ತೆಗೆದುಕೊಂಡು ಉಜ್ಜಿ ನೋಡಿದ. ಅರ ಜಾರಿಹೋಯಿತು, ಗೀರು ಕೂಡ ಬೀಳಲಿಲ್ಲ. "ಭೇಷ್! ಕೊಡು, ನಾನು ಹೊರಟೆ" ಅಂದ.

"ತಡೀರಿ, ಇನ್ನೂ ಹದ ಹಾಕಿಲ್ಲ. ನನ್ನ ಹೆಂಡ್ತಿ ಮೆಕ್ಕೆಜೋಳದ ದಪ್ಪ ರೊಟ್ಟಿ ಬೇಯಿಸೋಕೆ ಓವನ್ ಹಚ್ತಾಳೆ. ರೊಟ್ಟಿ ಪಕ್ಕದಲ್ಲಿ ಇದೂ ಎರಡು ಗಂಟೆ ಇರಬೇಕು."

ಸಾಹುಕಾರ ನಕ್ಕುಬಿಟ್ಟ. "ಚಾಕುವನ್ನ ರೊಟ್ಟಿ ಜೊತೆ ಬೇಯಿಸ್ತೀಯಾ? ಇಷ್ಟು ಗಟ್ಟಿ ಇರೋದನ್ನ ಮೆತ್ತಗೆ ಮಾಡಬೇಡಪ್ಪ" ಅಂದವನೇ ಕಸಿದುಕೊಂಡು ಹೊರಟ. ದುಡ್ಡಿದ್ದವರ ಅವಸರ, ಕೇಳಬೇಕೇ!

ತಮ್ಮನ ಹೊಸ ಮನೆಗೆ ಹೋದ. ಮಾತಿಲ್ಲದೆ ಚಾಕು ನೀಡಿದ. ತಮ್ಮ ಮಾತಿಲ್ಲದೆ ತೆಗೆದುಕೊಂಡ. ಮುರಿದು ಕೂಡಿಕೊಂಡ ಕೈ ನೋಡಿ, ಇನ್ನೂ ಹಿಡಿತ ಸಾಲದು. ಚಾಕು ಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಗಾಜಿನ ಹಾಗೆ ಎರಡು ತುಂಡು.

ತಮ್ಮ ಅದನ್ನೇ ನೋಡುತ್ತಾ ನಿಂತ. "ಅಣ್ಣಾ, ಇದನ್ನೂ ನಾನೇ ಮುರಿದೆನಲ್ಲ" ಅಂದ.

ಎಂಟು ತಿಂಗಳ ಮೇಲೆ ಆಡಿದ ಮೊದಲ ಮಾತು ಅದು. ಅಣ್ಣ ನೆಲಕ್ಕೆ ಬಗ್ಗಿದ. ತುಂಡುಗಳನ್ನು ಆರಿಸಿಕೊಂಡು ನೇರವಾಗಿ ಕಮ್ಮಾರನ ಮೇಲೆ ಹರಿಹಾಯಲು ಹೋದ.

ಕಮ್ಮಾರ ಬೈಸಿಕೊಂಡ. ಪೂರ್ತಿ ಬೈಸಿಕೊಂಡು ಆಮೇಲೆ ಹೇಳಿದ: "ಯಜಮಾನ್ರೇ, ಕಾಯಿಸಿ ತಣ್ಣಗಿನ ಎಣ್ಣೆಗೆ ಅದ್ದಿದರೆ ಉಕ್ಕು ಗಟ್ಟಿಯಾಗುತ್ತೆ, ನಿಜ. ಆದರೆ ಒಳಗೆ ಬಿಗಿದುಕೊಂಡಿರುತ್ತೆ. ಅವತ್ತೇ ಮತ್ತೆ ಒಂಚೂರು ಬಿಸಿ ತೋರಿಸಬೇಕು. ಕುಲುಮೆ ಬೆಂಕಿ ಬೇಡ, ರೊಟ್ಟಿ ಬೇಯುವಷ್ಟು ಬಿಸಿ ಸಾಕು. ಆಗ ಬಿಗಿ ಸಡಿಲವಾಗುತ್ತೆ. ಅದ್ದಿ ಹಾಗೇ ಬಿಟ್ಟುಹೋದರೆ ಯಾರ ಕೈಲಿದ್ದರೂ ಮುರಿಯುತ್ತೆ. ಬೀಳಿಸಿದವರ ತಪ್ಪಲ್ಲ ಅದು."

ಸಾಹುಕಾರ ಚಾಕುವಿನ ತುಂಡುಗಳನ್ನು ಕೆಳಗಿಟ್ಟ. ಅದ್ದಿ ಹಾಗೇ ಬಿಟ್ಟುಹೋದದ್ದು ಬರಿಯ ಚಾಕುವನ್ನೇ? ಅವನಿಗೆ ಗೊತ್ತಾಯಿತು. ನಿಮಗೂ ಗೊತ್ತಾಯಿತು, ಮುಖ ನೋಡಿದರೆ ತಿಳಿಯುತ್ತದೆ.

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಕಬ್ಬಿಣ ಮುತ್ತಿನಷ್ಟು ಹಟಮಾರಿ ಅಲ್ಲ, ಮುರಿದರೂ ಮತ್ತೆ ಆಕಾರಕ್ಕೆ ಬರುತ್ತದೆ. ಕಮ್ಮಾರ ಉದ್ದನೆಯ ತುಂಡನ್ನು ಮತ್ತೆ ಕಾಯಿಸಿದ, ಬಡಿದ, ಅದ್ದಿದ. ಈ ಸಲ ಸಾಹುಕಾರ ಎರಡು ಗಂಟೆ ಓವನ್ ಮುಂದೆ ಅಲ್ಲಾಡದೆ ಕೂತ. ಚಾಕು ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಹೊರಗೆ ಬಂತು. ಕಮ್ಮಾರನ ಹೆಂಡತಿ ಒಂದು ರೊಟ್ಟಿಯನ್ನೂ ಬಟ್ಟೆಯಲ್ಲಿ ಸುತ್ತಿ, "ತಮ್ಮನ ಮನೆಗೆ ಬರಿಗೈಲಿ ಹೋಗ್ತಾರಾ?" ಅಂತ ಕೊಟ್ಟಳು.

ಬಾಗಿಲು ತೆಗೆದ ತಮ್ಮನಿಗೆ ಅಣ್ಣ ಹೇಳಿದ: "ಅವತ್ತು ಲಾರಿಗೋಸ್ಕರ ಕೂಗಲಿಲ್ಲ ಕಣೋ. ನೀನು ಸತ್ತೇ ಹೋದೆ ಅಂದ್ಕೊಂಡು ಓಡಿ ಬಂದಿದ್ದೆ. ಹೆದರಿಬಿಟ್ಟಿದ್ದೆ."

ತಮ್ಮ ಅಣ್ಣನನ್ನು ಒಳಗೆ ಕರೆದ. ಆಮೇಲೆ ಚಾಕು ಇಸಕೊಂಡು ತುಂಟ ನಗೆ ನಕ್ಕ. "ಬೀಳಿಸಿ ನೋಡ್ಲಾ ಅಣ್ಣಾ?"

"ಬೀಳಿಸೋ."

ಬೀಳಿಸಿದ. ಠಣ್ ಅಂತು, ಅಷ್ಟೇ. ಎತ್ತಿಕೊಂಡು ಒರೆಸಿ, ಅದರಲ್ಲೇ ರೊಟ್ಟಿ ಕೊಯ್ದು ಇಬ್ಬರೂ ತಿಂದರು.

ಈಗ ನಿಮ್ಮ ಸರದಿ. ನಾನು ಬೈಯಬೇಡಿ ಅಂದೆನೇ? ಅನ್ನಲಿಲ್ಲ. ಲಾರಿ ಓಡಿಸುತ್ತಾ ನಿದ್ದೆ ಮಾಡಿದವನಿಗೆ ಬೈಯಲೇಬೇಕು. ಮಕ್ಕಳಿಗೆ ಬೈಯಿರಿ, ತಪ್ಪು ಮಾಡಿದರೆ ಗಂಡನಿಗೂ ಬೈಯಿರಿ ತಾಯಂದಿರೇ, ನನ್ನ ಅಭ್ಯಂತರವಿಲ್ಲ. ಆದರೆ ಬೈದು ಬಾಗಿಲು ಹಾಕಿಕೊಂಡರೆ ಹೇಗೆ? ಬೈದ ದಿನವೇ, ಊಟದ ತಟ್ಟೆ ಇಡುವ ಮೊದಲೇ, ಹತ್ತಿರ ಹೋಗಿ. ದೊಡ್ಡ ಉಪದೇಶ ಬೇಡ. ಕ್ಷಮೆಯ ಭಾಷಣವೂ ಬೇಡ. "ಯಾಕೆ ಕೂಗಿದೆ ಗೊತ್ತಾ? ಹೆದರಿದ್ದೆ" ಅಂದರೆ ಸಾಕು. "ಬಾ, ಊಟ ಮಾಡು" ಅಂದರೂ ಸಾಕು. ಬೈಯುವುದಕ್ಕೆ ಗಂಟಲಿದ್ದವರಿಗೆ ಇಷ್ಟು ಹೇಳುವುದಕ್ಕೆ ಗಂಟಲು ಕಟ್ಟುತ್ತದೆಯೇ?

ಕಟ್ಟುತ್ತದೆ. ನನಗೂ ಕಟ್ಟಿದೆ. ಇವತ್ತು ಬೆಳಿಗ್ಗೆ ನಮ್ಮ ಮಠದ ಅಡುಗೆಯ ಗುರುಪಾದಪ್ಪ ಗ್ಯಾಸ್ ಪೂರ್ತಿ ಬಂದ್ ಮಾಡದೆ ಸಂತೆಗೆ ಹೋಗಿದ್ದ, ಅಡುಗೆಮನೆಯೆಲ್ಲ ಗ್ಯಾಸ್ ತುಂಬಿತ್ತು. ಬಂದವನಿಗೆ ಎಲ್ಲರ ಎದುರಿಗೆ ಬೈದೆ. ಬೈದದ್ದು ಸರಿ. ಆಮೇಲೆ ಮಾತಾಡಿಸಿಲ್ಲ. ಮಧ್ಯಾಹ್ನ ಬಡಿಸಲು ಅವನೂ ಬರಲಿಲ್ಲ. ಎತ್ತರದ ಪೀಠದ ಮೇಲೆ ಕೂತು ನಿಮಗೆ ಬುದ್ಧಿ ಹೇಳುತ್ತಿದ್ದೇನೆ, ನೋಡಿ!

ಗುರುಪಾದಪ್ಪ, ಒಳಗೆ ಮೈಕಿನ ಸದ್ದು ಕೇಳುತ್ತಿದೆಯೇನಪ್ಪ? ನಾನು ಕೂಗಿದ್ದು ಗ್ಯಾಸಿಗಾಗಿ ಅಲ್ಲ. ನೀನು ಬಂದು ಕಡ್ಡಿ ಗೀರಿದ್ದರೆ ನಿನ್ನ ಗತಿ ಏನಾಗುತ್ತಿತ್ತು ಅಂತ ಎದೆ ನಡುಗಿತು. ಇವತ್ತು ನಿನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತೇನೆ, ಎರಡು ರೊಟ್ಟಿ ಹೆಚ್ಚಿಗೆ ಬಡಿ.

ನೀವೂ ಏಳಿ, ಮನೆಗೆ ಹೋಗಿ. ಯಾರನ್ನು ಅದ್ದಿ ಬಿಟ್ಟು ಬಂದಿದ್ದೀರೋ ನಿಮಗೇ ಗೊತ್ತು. ಅವರು ಇನ್ನೂ ಉಂಡಿರಲಿಕ್ಕಿಲ್ಲ.