ಸುಣ್ಣದ ಮೇಲೆ ಕೂರಿಸಿದ ಟೈಲ್ಸು

ತಾಯಂದಿರಾ, ಎಷ್ಟು ಸಲ ಹೇಳಿದರೂ ನೀವು ಇಲ್ಲಿ ಭಜನೆಗೆ ಬಂದು ತಲೆಯಾಡಿಸುತ್ತೀರಿ, ಮನೆಗೆ ಹೋಗಿ ಮರೆಯುತ್ತೀರಿ. ಇವತ್ತು ಬಚ್ಚಲುಮನೆಯ ಕಥೆ ಹೇಳುತ್ತೇನೆ. ಅದಾದರೂ ನೆನಪಿರಲಿ.

ಒಂದು ಪೇಟೆಯಲ್ಲಿ ಒಬ್ಬ ಸಾಹುಕಾರನಿದ್ದ. ಮಗಳು ಹೆತ್ತಿದ್ದಳು, ಆಸ್ಪತ್ರೆಯಿಂದ ಕೂಸಿನೊಂದಿಗೆ ತವರಿಗೆ ಬರುವವಳಿದ್ದಳು. ಬಾಣಂತಿಗೂ ಕೂಸಿಗೂ ನೀರೆರೆಯುವ ಬಚ್ಚಲಿಗೆ ಹೊಳೆಯುವ ಟೈಲ್ಸು ಹಾಕಿಸಬೇಕೆಂದು ಅವನಿಗೆ ಆಸೆ. ಮೇಸ್ತ್ರಿ ಬಂದ, ಗೋಡೆಯನ್ನು ಉಗುರಿನಿಂದ ಕೆರೆದ. ಸುಣ್ಣ ಪುಡಿಪುಡಿಯಾಗಿ ಉದುರಿತು.

"ಯಜಮಾನ್ರೇ, ಈ ಹಳೇ ಸುಣ್ಣ ಪೂರ್ತಿ ಕೆರೀಬೇಕು. ಗೋಡೆ ಒರಟು ಮಾಡಿ, ಧೂಳು ತೊಳೆದು, ಒಣಗಿದ ಮೇಲೆ ಸಿಮೆಂಟು ಹಿಡಿಯೋ ಹಾಗೆ ಪ್ರೈಮರ್ ಬಳೀಬೇಕು. ಆಮೇಲೆ ಟೈಲ್ಸು. ಒಂದು ವಾರ ಕೊಡಿ."

"ವಾರಾನಾ? ನಾಡಿದ್ದೇ ಮಗು ಬರ್ತದಯ್ಯಾ! ಟೈಲ್ಸಿನ ಹಿಂದೆ ಏನಿದೆ ಅಂತ ಯಾರು ಬಗ್ಗಿ ನೋಡ್ತಾರೆ?"

ಅಷ್ಟಕ್ಕೇ ಬಿಟ್ಟನೇ? ಇಲ್ಲ. ಕೂಸು ಬರುವ ಮನೆ ಶುದ್ಧವಾಗಲಿ ಎಂದು, ಉದುರುವ ಆ ಸುಣ್ಣದ ಮೇಲೆಯೇ ಇನ್ನೊಂದು ಕೈ ಸುಣ್ಣ ಬಳಿಸಿದ! ನೋಡಿ, ಬುದ್ಧಿ ನೋಡಿ. ಗೊತ್ತಿದ್ದೂ ಅದರ ಮೇಲೆ ಟೈಲ್ಸು ಕೂರಿಸಿದನಲ್ಲ, ಆ ಮೇಸ್ತ್ರಿಗೆ ತಾನೇ ಏನು ಹೇಳೋಣ?

ಹದಿನೈದು ದಿನ ಹಂಡೆಗಟ್ಟಲೆ ಬಿಸಿನೀರು, ಹಬೆ. ಹದಿನಾರನೆಯ ದಿನ ನೀರೆರೆಯುವ ಅಜ್ಜಿ ಗೋಡೆಯ ಪಕ್ಕ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಮೇಲೆ ಚಟಚಟ ಸದ್ದಾಯಿತು. ಅಜ್ಜಿ ಕೂಸಿನ ಮೇಲೆ ಬಗ್ಗಿದಳು. ನಾಲ್ಕು ಟೈಲ್ಸು ಅವಳ ಮೈಮೇಲೆ ಬಿದ್ದವು. ಕೂಸು ಉಳಿಯಿತು. ಅಜ್ಜಿಯ ಭುಜದ ಮೂಳೆ ಮುರಿಯಿತು.

ಸಾಹುಕಾರ ಮೇಸ್ತ್ರಿಯನ್ನು ಕರೆಸಿ ಕೂಗಾಡಿದ. "ಏನಯ್ಯಾ ನಿನ್ನ ಕೆಲಸ? ಹಿಡೀಲೇ ಇಲ್ವಲ್ಲೋ!"

ಮೇಸ್ತ್ರಿ ಬಿದ್ದ ಟೈಲೊಂದನ್ನು ಎತ್ತಿ ಹಿಂಬದಿ ತೋರಿಸಿದ. ಸಿಮೆಂಟು ಹಾಗೇ ಇತ್ತು. ಸಿಮೆಂಟಿನ ಮೇಲೆ ಬೆಳ್ಳಗೆ ಸುಣ್ಣದ ಪದರ. "ಹಿಡಿದಿದೆ ಯಜಮಾನ್ರೇ. ನಿಮ್ಮ ಸುಣ್ಣಾನ ಗಟ್ಟಿಯಾಗೇ ಹಿಡಿದಿದೆ. ಗೋಡೆ ಮುಟ್ಟೋಕೆ ನೀವು ಬಿಡಲಿಲ್ಲ, ನಾನೂ ಬಾಯಿ ಮುಚ್ಕೊಂಡೆ."

ನಗುತ್ತೀರಾ? ಯಾರನ್ನು ನೋಡಿ ನಗುತ್ತೀರಿ ತಾಯಂದಿರಾ? ಓರಗಿತ್ತಿಯ ಜೊತೆ ಮಾತು ಬಿಟ್ಟು ನಾಲ್ಕು ವರ್ಷ. ತಮ್ಮನ ಮನೆಯ ಹೊಸ್ತಿಲು ತುಳಿಯದೆ ಆರು ವರ್ಷ. ಇಲ್ಲಿ ಮಾತ್ರ ಮುಂದಿನ ಸಾಲಿನಲ್ಲಿ ಕುಳಿತು ಕಣ್ಣು ಮುಚ್ಚಿ ಭಜನೆ! ಭಕ್ತಿ ಅಂಟುವುದಿಲ್ಲ ಎಂದು ನನ್ನ ಹತ್ತಿರ ಬಂದು ಗೋಳಾಡುತ್ತೀರಿ. ಅಂಟುತ್ತದೆ, ಅಮ್ಮಾ, ಚೆನ್ನಾಗಿಯೇ ಅಂಟುತ್ತದೆ. ಆದರೆ ಯಾವುದಕ್ಕೆ? ಒಳಗಿನ ಸಿಟ್ಟನ್ನು ಕೆರೆದು ತೆಗೆಯದೆ, ಅದರ ಮೇಲೆ ಉಪವಾಸ ಬಳಿದು, ವ್ರತ ಬಳಿದು ಬಂದಿದ್ದೀರಲ್ಲ, ಅದಕ್ಕೆ. ಒಂದು ಬಿಸಿ ಮಾತು ತಾಗಿದರೆ ಎಲ್ಲ ಕಳಚಿ ಬೀಳುತ್ತದೆ. ಬೀಳುವುದು ಯಾರ ಮೇಲೆ? ನಿಮ್ಮ ಮನೆಯಲ್ಲಿ ಬಾಯಿಲ್ಲದವರ ಮೇಲೆ.

ನಾಳೆ ಬೆಳಿಗ್ಗೆ ದೀಪ ಹಚ್ಚುವ ಮೊದಲು ಮಾತು ಬಿಟ್ಟ ಆ ಮನೆಗೆ ಹೋಗಿ. ಸಿಹಿ ಒಯ್ಯಬೇಡಿ, ನಗು ಹಚ್ಚಿಕೊಳ್ಳಬೇಡಿ. "ಅವತ್ತು ನಾನು ಆಡಿದ್ದು ತಪ್ಪು" ಎಂದು ಮೊದಲು ಹೇಳಿ. ಓರಗಿತ್ತಿ ಬಾಗಿಲು ಹಾಕಿಕೊಂಡರೆ? ನಾಡಿದ್ದು ಮತ್ತೆ ಹೋಗಿ. ನಾಲ್ಕು ವರ್ಷದ್ದು ಒಂದೇ ದಿನಕ್ಕೆ ಹೋಗುತ್ತದೆಯೇ? ಭಜನೆ ನಾಲ್ಕು ದಿನ ತಪ್ಪಿದರೆ ದೇವರೇನೂ ಹುಡುಕಿಕೊಂಡು ಬರುವುದಿಲ್ಲ. ಮತ್ತೆ ಇಲ್ಲಿಗೆ ಬರುವಾಗ ಅವಳನ್ನೂ ಕರೆತನ್ನಿ. ಸ್ವಲ್ಪ ಸರಿದು ಕೂರಲು ಎಲ್ಲರಿಗೂ ನಾನೇ ಹೇಳುತ್ತೇನೆ.