ತಂತಿಯ ತುದಿ ಹಿಡಿಯುವವರು

“ಸಾಹುಕಾರ್ರ, ಈ ತಂತಿ ರೀಲು ಏರಿಸೂಮುಂದ ತುದಿ ಹಿಡ್ಯಾಕ ಒಬ್ರು ಇದ್ರ ಚಲೋರಿ. ಕೈ ಸಡ್ಲಾತಂದ್ರ ಎಲ್ಲಾ ಬಿಚ್ಚಿಕೊಂತೈತಿ. ಮನ್ಯಾಗ ಯಾರರೆ ಅದಾರಿಲ್ರಿ?”

ಕೇಳಿದವನು ವೆಲ್ಡಿಂಗ್ ಸಾಮಾನಿನ ಅಂಗಡಿಯವನು. “ನನಗ ಯಾರೂ ಬೇಕಾಗಿಲ್ಲ” ಅಂದು ರೀಲನ್ನು ಬಗಲಲ್ಲಿಟ್ಟುಕೊಂಡು ಹೊರಟವನು ನಮ್ಮ ಕಥೆಯ ಶ್ರೀಮಂತ.

ಯಾವೂರವನು ಅಂತ ಕೇಳಬೇಡಿ ಶರಣರೇ, ಎಲ್ಲ ಊರಲ್ಲೂ ಇರುವವನೇ. ಮನೆ ದೊಡ್ಡದು, ಉಣ್ಣುವ ತಟ್ಟೆ ಒಂದೇ. ಹೆಂಡತಿ ತೀರಿಕೊಂಡಿದ್ದಳು. ಗೋಡೆಯಾಚೆ ತಮ್ಮನ ಮನೆ. ನಡುಗೋಡೆಯಲ್ಲಿ ಓಡಾಡಲು ಜಾಗ ಬಿಟ್ಟಿದ್ದರು. ಆಕೆ ಇದ್ದಾಗ ಬಿಸಿ ರೊಟ್ಟಿ ಅತ್ತ ಹೋಗುತ್ತಿತ್ತು, ಮಜ್ಜಿಗೆ ಇತ್ತ ಬರುತ್ತಿತ್ತು. ಆಕೆಯ ಮಣ್ಣಿಗೆ ತಮ್ಮ ತಡವಾಗಿ ಬಂದ. ಯಾಕೆ ತಡವಾಯಿತು? ಅಣ್ಣ ಕೇಳಲಿಲ್ಲ. ತಮ್ಮ ಹೇಳಲಿಲ್ಲ. ಮಾತು ಅಲ್ಲಿಗೇ ನಿಂತಿತು.

ಈಗ ಆ ದಾರಿಗೆ ಕಬ್ಬಿಣದ ಕಂಬಿ ಕೂರಿಸಿ ಮುಚ್ಚಿಬಿಡಬೇಕೆಂದು ಅಣ್ಣನ ಹಟ. ಕೆಲಸದವರನ್ನು ಕರೆಸಿದರೆ ‘ಯಾಕ್ರಿ’ ಅಂತ ಕೇಳುತ್ತಾರಲ್ಲ? ಅದಕ್ಕೆ ತಾನೇ ವೆಲ್ಡಿಂಗ್ ಮಷಿನ್ ತಂದು ಕಲಿತ. ನೋಡಿ, ಎರಡನ್ನು ಒಂದು ಮಾಡುವ ಯಂತ್ರ ಮನುಷ್ಯನ ಕೈಯಲ್ಲಿ ಯಾವ ಕೆಲಸಕ್ಕೆ ಬಂತು ನೋಡಿ. ಇನ್ನೊಂದೆರಡು ಕಂಬಿ ಬಾಕಿ, ಒಬ್ಬರು ಅಡ್ಡಡ್ಡ ತೂರುವಷ್ಟು ಸಂದು ಉಳಿದಿತ್ತು. ಅಷ್ಟರಲ್ಲಿ ಮಷಿನ್ ಒಳಗಿನ, ಕರಗಿ ಕಂಬಿ ಬೆಸೆಯುವ ತಂತಿ ಮುಗಿದಿತ್ತು, ಅದಕ್ಕೇ ಅಂಗಡಿಗೆ ಹೋಗಿದ್ದ.

ಹೊಸ ರೀಲನ್ನು ಮೊದಲು ಮಷಿನ್‌ಗೆ ಕೂರಿಸಬೇಕು, ಆಮೇಲೆ ತುದಿ ಬಿಡಿಸಬೇಕು. ಈತ ತೊಡೆಯ ಮೇಲಿಟ್ಟುಕೊಂಡೇ ತುದಿ ಕತ್ತರಿಸಿದ. ತಂತಿ ಚಿಮ್ಮಿತು. ಎರಡೂ ಅಂಗೈಯಿಂದ ರೀಲನ್ನು ಅವುಚಿ ಹಿಡಿದ. ಏಳುವಂತಿಲ್ಲ, ಬಿಡುವಂತಿಲ್ಲ. ಬಿಟ್ಟರೆ ಅಷ್ಟೂ ತಂತಿ ಸಿಕ್ಕುಸಿಕ್ಕು. ಮೂಗಿನ ತುದಿಯಲ್ಲಿ ಬೆವರು, ಒರೆಸಲು ಕೈಯಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಇನ್ನೊಂದು ಕೈಯಿಲ್ಲ.

ಈಗ ನಗುತ್ತಿದ್ದೀರಿ. ನೀವೇನು ಮಾಡುತ್ತೀರಿ? ಸಿಲಿಂಡರ್ ಒಬ್ಬರೇ ಎಳೆಯುತ್ತೀರಿ. ಏಣಿ ಒಬ್ಬರೇ ಹತ್ತುತ್ತೀರಿ. ದವಾಖಾನೆಯ ಬೆಂಚಿನ ಮೇಲೆ ಒಬ್ಬರೇ ಕೂರುತ್ತೀರಿ. ಕೇಳಿದರೆ, ‘ಯಾರಿಗ್ಯಾಕ ತ್ರಾಸು ಕೊಡೂದ್ರಿ’ ಅಂತೀರಿ. ಅದು ಸಂಕೋಚವೋ, ಸಿಟ್ಟೋ? ಮಾತು ಬಿಟ್ಟವರ ಕಾಲು ಹಿಡಿಯಿರಿ ಅಂತ ನಾನು ಹೇಳುವುದಿಲ್ಲ, ಅದು ನಿಮ್ಮಿಂದ ಆಗುವುದಿಲ್ಲ. ನಾಳೆ ಒಂದು ಸಣ್ಣ ಕೆಲಸಕ್ಕೆ ಅವರನ್ನು ಕರೆಯಿರಿ. ‘ಬಾ, ಇದನ್ನೊಂದೀಟು ಹಿಡಿ’ ಅನ್ನಿ. ಅಷ್ಟು ಮಾಡಿದರೆ ಸಾಕು.

ಆ ಶ್ರೀಮಂತನೂ ಕೊನೆಗೆ ಅಷ್ಟೇ ಮಾಡಿದ. ಗೋಡೆಯ ಕಡೆ ಮುಖ ಮಾಡಿ, “ಅದೀಯೇನು?” ಅಂದ.

ಚಪ್ಪಲಿಯ ಸದ್ದು ಗೋಡೆಯ ಹತ್ತಿರ ಬಂತು. ಆಮೇಲೆ ಆಚೆಯಿಂದ, “ಅದೀನಿ.”

“ಬಾ, ಇದನ್ನೊಂದೀಟು ಹಿಡಿ.”

ತಮ್ಮ ಹೊಟ್ಟೆ ಒಳಗೆಳೆದುಕೊಂಡು ಕಂಬಿಗಳ ಸಂದಿನಲ್ಲಿ ತೂರಿ ಬಂದ. ತುದಿ ಹಿಡಿದು ಬಿಗಿಯಾಗಿ ಎಳೆದ. ರೀಲು ಕೂತಿತು, ತಂತಿ ಸರಾಗ ಸರಿಯಿತು. ನಂತರ ತಮ್ಮ ತಾನಾಗಿಯೇ ಉಳಿದ ಕಂಬಿಯೊಂದನ್ನು ಸಂದಿಗೆ ಹಿಡಿದು ನಿಂತ.

“ಹಚ್ಚು, ಅಣ್ಣ. ಆದ್ರ ಇದನ್ನ ಹಚ್ಚಿದ ಮ್ಯಾಲ ನಾ ಹೊಳ್ಳಿ ಹೋಗೂದು ಹ್ಯಾಂಗ?”

“ಓಣಿ ಸುತ್ತಿ ಹೋಗು.”

“ಓಣಿ ಸುತ್ತಿ ಹೋಗೂದು ಅತ್ತಿಗಿ ಕಲಿಸಿಲ್ಲ.”

ಅಣ್ಣ ಮಷಿನ್ ಆರಿಸಿದ. ಒಳಗೆ ಹೋದ. ಹಳೆಯ ಕಬ್ಬಿಣದ ಡಬ್ಬಿ ತಡಕಾಡಿ, ಬಾಗಿಲಿಗೆ ಹಚ್ಚುವ ಎರಡು ಬಿಜಾಗರಿ ತಂದು ತಮ್ಮನ ಕೈಗಿಟ್ಟ.