ಬೀಸುವ ಕಲ್ಲಿನ ಗೂಟ

ತಿಕೋಟಾಕ್ಕೆ ಹಿಟ್ಟಿನ ಗಿರಣಿ ಹೊಸದಾಗಿ ಬಂದ ವರ್ಷ. ಪಾಳಿಯಲ್ಲಿ ನಿಂತಿದ್ದ ಗುರುಬಸವ್ವನ ಮುಂದೆ ಇಬ್ಬರು ಮುದುಕಿಯರಿದ್ದರು. ಮಾಳವ್ವ ತನ್ನ ಬೀಸುವ ಕಲ್ಲಿನ ಗೂಟವನ್ನು ಸೆರಗಿನಿಂದ ಬಿಚ್ಚಿ ಸೀತವ್ವನ ಕೈಗಿಟ್ಟಳು.

“ಇಟ್ಕೋಬೇ. ಇನ್ನ ನನಗ ಬ್ಯಾಡ.”

“ಯಾಕ, ಎಲ್ಲಿ ಹೊಂಟೀದಿ?”

“ಗಿರಣಿ ಬಂದಮ್ಯಾಲ ನೀನೂ ಬೀಸಾಕ ಬರವಲ್ಲಿ. ನಸುಕಿನ್ಯಾಗ ಎದ್ದು ಯಾರ ಮಾರಿ ನೋಡ್ಲಿ?”

“ಮಾಳಿ, ಖರೇ ಹೇಳು. ಜೀವಾ ಕಳ್ಕೋಬೇಕಂತ ಮಾಡೀಯೇನ?”

ಮಾಳವ್ವ ತಲೆ ತಗ್ಗಿಸಿದಳು. “ಹೂಂನವ್ವಾ.”

“ಹೇಳ್ದಿ, ಚಲೋ ಆತು. ನಿನ್ನ ಒಬ್ಬಾಕಿನ್ನ ಬಿಡಂಗಿಲ್ಲ. ಬೀಸೂವಾಗ ನಾ ಎತ್ತಿದ ಹಾಡಿನ ಉಳಿದರ್ಧ ನಿನ್ನ ಬಾಯಾಗೈತಿ, ಮುದುಕಿ.”

“ಮತ್ತ ಹಿಟ್ಟು?”

“ಗಿರಣಿ ಹಿಟ್ಟು ಯಾವಾಕಿಗೆ ಬೇಕ? ನಡಿ, ಬೀಸೂಣು.”

ಜೋಳದ ಬುಟ್ಟಿಯನ್ನು ಇಬ್ಬರೂ ಹಿಡಿದು ಪಾಳಿ ಬಿಟ್ಟು ನಡೆದರು. ಗಿರಣಿಯ ಸದ್ದಿನಲ್ಲೂ ಅವರ ಹಾಡು ಕೇಳೀತೇನೋ ಎಂದು ಗುರುಬಸವ್ವ ಅತ್ತಲೇ ಕಿವಿಗೊಟ್ಟು ನಿಂತಳು. ಅವಳ ಅವ್ವನೂ ಬೀಸುತ್ತಾ ಹಾಡುತ್ತಿದ್ದಳು.